ತಾಲೂಕು ಕ್ಲಿನಿಕ್‌ನಿಂದ ಆಡಳಿತದ ಕುರ್ಚಿಗೆ: ಡಾಕ್ಟರಿಗೆ ಇರುವ ದಾರಿಗಳು, ಯಾವುದು ಯಾರಿಗೆ?

ತಾಲೂಕು ಊರಿನಲ್ಲಿ ಎಂಟು-ಹತ್ತು ವರ್ಷ ಕ್ಲಿನಿಕ್ ನಡೆಸಿದ ಡಾಕ್ಟರುಗಳಿಗೆ ಒಂದು ಹಂತದಲ್ಲಿ ಈ ಯೋಚನೆ ಬಂದೇ ಬರುತ್ತದೆ. ಓಪಿ (ದಿನಾ ಬಂದು ತೋರಿಸಿಕೊಂಡು ಹೋಗುವವರ ಸಂಖ್ಯೆ) ಚೆನ್ನಾಗಿದೆ, ಜನ ಕೈಗುಣ ನಂಬಿ ಬರುತ್ತಾರೆ. ಆದರೆ ಅದೇ ಶುಗರ್ ಪೇಷಂಟ್ ಅದೇ ಕಾಲಿನ ಹುಣ್ಣು ಹೊತ್ತುಕೊಂಡು ಮೂರನೇ ಸಲ ಬಂದಾಗ, ಇದು ನಾನು ಬರೆಯುವ ಚೀಟಿಯಿಂದ ಸರಿಹೋಗುವ ವಿಷಯ ಅಲ್ಲ ಅನ್ನಿಸುತ್ತದೆ. ಪಿಎಚ್‌ಸಿಯಲ್ಲಿ, ಅಂದರೆ ಸರ್ಕಾರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಮಾತ್ರೆ ಖಾಲಿ. ಜಿಲ್ಲಾಸ್ಪತ್ರೆಗೆ ಕಳಿಸಿದರೆ ಅಲ್ಲಿ ಏನು ಮಾಡಿದರು ಅಂತ ಒಂದು ಸಾಲೂ ವಾಪಸ್ ಬರುವುದಿಲ್ಲ. ಇದನ್ನೆಲ್ಲ ನೋಡಿಕೊಳ್ಳುವ ಜಾಗದಲ್ಲಿ ನಾನೇ ಕೂತರೆ ಹೇಗೆ?

ಹಾಗೆ ಕೇಳಿದವರಿಗೆ ಮೊದಲು ಸಿಗುವ ಸಲಹೆ, "ಹಾಸ್ಪಿಟಲ್ ಮ್ಯಾನೇಜ್‌ಮೆಂಟಲ್ಲಿ ಎಂಬಿಎ ಮಾಡಿಬಿಡಿ ಸಾರ್". ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದ್ದು ಬೇರೆ: ನಿಮಗೆ ಯಾವ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಬೇಕು? ಯಾರ ದುಡ್ಡಿನಲ್ಲಿ? ಮತ್ತೆ, ವಾರಕ್ಕೆ ಎಷ್ಟು ದಿನ ಸ್ಟೆತಸ್ಕೋಪ್ ಮುಟ್ಟದೆ ಇರಬಲ್ಲಿರಿ? ಇದಕ್ಕೆ ಉತ್ತರ ಸಿಕ್ಕರೆ ದಾರಿ ತಾನಾಗಿ ಸಿಗುತ್ತದೆ. ಓದು ಆಮೇಲೆ.

ನಾನೂ ತಾಲೂಕು ಕ್ಲಿನಿಕ್‌ನಿಂದ ಆಸ್ಪತ್ರೆ ಆಡಳಿತಕ್ಕೆ ಬಂದವನೇ. ಹಾಗಾಗಿ ಮೂರನೇ ದಾರಿಯ ಬಗ್ಗೆ ಇಲ್ಲಿ ಮಾತು ಜಾಸ್ತಿ ಇದೆ.

ಒಂದು: ಸ್ವಂತ ನರ್ಸಿಂಗ್ ಹೋಮ್

ಕಣ್ಣೆದುರಿಗೇ ಇರುವ ದಾರಿ ಇದು. ಕ್ಲಿನಿಕ್ ಮೇಲೆ ಒಂದು ಮಹಡಿ, ಹತ್ತು-ಇಪ್ಪತ್ತು ಬೆಡ್, ವಾರಕ್ಕೆರಡು ದಿನ ಬರುವ ಸರ್ಜನ್, ಕೆಳಗೆ ಮೆಡಿಕಲ್ಸ್. ಇಲ್ಲಿ ಎಲ್ಲ ತೀರ್ಮಾನವೂ ನಿಮ್ಮದೇ. ಸಾಲವೂ ನಿಮ್ಮದೇ.

ರೋಗಿಗಳನ್ನು ನೋಡುವುದು ನಿಲ್ಲುವುದಿಲ್ಲ, ಇದು ಇದರ ದೊಡ್ಡ ಲಾಭ. ಊರು ಬಿಡಬೇಕಿಲ್ಲ. ತೊಂದರೆ ಏನೆಂದರೆ, ಹಗಲು ಡಾಕ್ಟರ್, ರಾತ್ರಿ ಮಾಲೀಕ ಅಂತ ಎರಡು ಕೆಲಸ ಒಬ್ಬರ ತಲೆ ಮೇಲೆ ಬೀಳುತ್ತದೆ. ಕೆಪಿಎಂಇ ನೋಂದಣಿ (ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ರಾಜ್ಯದ ಕಾಯ್ದೆಯಡಿ ಬೇಕಾದದ್ದು), ಆಸ್ಪತ್ರೆ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಅಗ್ನಿಶಾಮಕದ ಎನ್‌ಒಸಿ, ಎಕ್ಸ್‌ರೇ ಇಟ್ಟರೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್, ಸ್ಕ್ಯಾನಿಂಗ್ ಇಟ್ಟರೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ನೋಂದಣಿ ಮತ್ತು ಪ್ರತಿ ಗರ್ಭಿಣಿಗೂ ಫಾರ್ಮ್ ಎಫ್ ಅನ್ನುವ ದಾಖಲೆ. ಒಂದು ಕಾಲಂ ಖಾಲಿ ಬಿಟ್ಟರೂ ಮಷೀನಿಗೆ ಸೀಲ್ ಬೀಳಬಹುದು. ಸಿಸ್ಟರ್ ಹೇಳದೆ ಕೇಳದೆ ಕೆಲಸ ಬಿಟ್ಟರೆ ರಾತ್ರಿ ಡ್ರಿಪ್ ಹಾಕುವವರು ನೀವೇ.

ಈ ದಾರಿಯಲ್ಲಿ ಬಹಳ ದೂರ ಹೋದವರು ನಮ್ಮ ಕರಾವಳಿಯಲ್ಲೇ ಇದ್ದರು. ಡಾ. ಟಿ.ಎಂ.ಎ. ಪೈ ಮದ್ರಾಸಿನಲ್ಲಿ ಓದಿ ಬಂದು ಊರಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದ ಡಾಕ್ಟರ್. 1925ರಲ್ಲಿ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಉಡುಪಿಯಲ್ಲಿ ಬ್ಯಾಂಕ್ ಕಟ್ಟಿದರು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿದ್ದು ಅದೇ. 1928ರಲ್ಲಿ ಪಿಗ್ಮಿ ಶುರುವಾಯಿತು: ಏಜೆಂಟ್ ಮನೆಬಾಗಿಲಿಗೆ ಹೋಗಿ ದಿನಕ್ಕೆರಡಾಣೆ ಸಂಗ್ರಹಿಸುವುದು. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬಂದಿದ್ದು 1953ರಲ್ಲಿ. ಅಂದರೆ ಸಣ್ಣ ಜನರ ಸಣ್ಣ ದುಡ್ಡನ್ನು ಲೆಕ್ಕ ತಪ್ಪದೆ ನೋಡಿಕೊಳ್ಳುವುದು ಮೊದಲು, ಮೆಡಿಕಲ್ ಕಾಲೇಜು ಬ್ಯಾಂಕ್ ಕಟ್ಟಿದ ಇಪ್ಪತ್ತೆಂಟು ವರ್ಷಕ್ಕೆ. ನರ್ಸಿಂಗ್ ಹೋಮ್ ಕಟ್ಟುವ ಮೊದಲು ನಿಮ್ಮ ಕ್ಲಿನಿಕ್‌ನ ಕಳೆದ ವರ್ಷದ ಲೆಕ್ಕ ತೆಗೆದು ನೋಡಿ. ಬಾಡಿಗೆ, ಸಂಬಳ, ಕರೆಂಟು ಕಳೆದು ಎಷ್ಟು ಉಳಿಯಿತು ಅಂತ ಹತ್ತು ನಿಮಿಷದಲ್ಲಿ ಹೇಳಲಾಗದಿದ್ದರೆ ಸದ್ಯಕ್ಕೆ ಆ ಮಹಡಿ ಬೇಡ.

ಎರಡು: ಸರ್ಕಾರಿ ಕುರ್ಚಿ

ಸಂಖ್ಯೆಯಲ್ಲಿ ನೋಡಿದರೆ ಇದಕ್ಕೆ ಸಾಟಿ ಇಲ್ಲ. ನಿಮ್ಮ ಕ್ಲಿನಿಕ್‌ಗೆ ದಿನಕ್ಕೆ ಅರವತ್ತು ಜನ ಬರಬಹುದು. ಬಯಲು ಸೀಮೆಯಲ್ಲಿ ಒಂದು ಪಿಎಚ್‌ಸಿಯ ಲೆಕ್ಕ 30,000 ಜನ, ಗುಡ್ಡಗಾಡಿನಲ್ಲಿ 20,000. ತಾಲೂಕು ಆರೋಗ್ಯಾಧಿಕಾರಿ, ಅಂದರೆ ಟಿಎಚ್‌ಒ ಆದರೆ ಅಂಥ ಎಷ್ಟೋ ಪಿಎಚ್‌ಸಿಗಳು ನಿಮ್ಮ ಕೆಳಗೆ. ಜಿಲ್ಲಾ ಆರೋಗ್ಯಾಧಿಕಾರಿ, ಅಂದರೆ ಡಿಎಚ್‌ಒ ಆದರೆ ಇಡೀ ಜಿಲ್ಲೆ. ಖಾಸಗಿ ಆಸ್ಪತ್ರೆಗಳ ಕೆಪಿಎಂಇ ಪ್ರಾಧಿಕಾರದಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷರಾದರೆ ಡಿಎಚ್‌ಒ ಸದಸ್ಯ ಕಾರ್ಯದರ್ಶಿ.

ಟಿಎಚ್‌ಒ ದಿನ ಹೇಗಿರುತ್ತದೆ ಅಂತ ಖಾಸಗಿಯಲ್ಲಿರುವ ಬಹಳ ಡಾಕ್ಟರುಗಳಿಗೆ ಅಂದಾಜಿಲ್ಲ. ಜುಲೈ ತಿಂಗಳು ಅಂತಿಟ್ಟುಕೊಳ್ಳಿ. ಒಂದು ಹಳ್ಳಿಯಲ್ಲಿ ಡೆಂಗಿ ಜ್ವರ. ಲಾರ್ವಾ ಸರ್ವೆಗೆ ಆಶಾ ಕಾರ್ಯಕರ್ತೆಯರು ಹೋಗಬೇಕು, ಅವರಿಗೆ ಬರಬೇಕಾದ ಪ್ರೋತ್ಸಾಹಧನ ಬಾಕಿ. ಅದನ್ನು ಬಿಡುಗಡೆ ಮಾಡುವ ಅಧಿಕಾರ ನಿಮಗಿಲ್ಲ, ಬೈಸಿಕೊಳ್ಳುವ ಜವಾಬ್ದಾರಿ ಮಾತ್ರ ಇದೆ. ಚರಂಡಿ ಗ್ರಾಮ ಪಂಚಾಯ್ತಿಗೆ ಸೇರಿದ್ದು, ಅಲ್ಲಿನ ಅಧಿಕಾರಿ ಪಿಡಿಒಗೆ ಫೋನ್ ಮಾಡಬೇಕು. ಔಷಧಿ ಬರುವುದು ರಾಜ್ಯದ ವೈದ್ಯಕೀಯ ಸರಬರಾಜು ನಿಗಮದಿಂದ. ಇಂಡೆಂಟ್ ಹಾಕಿ ಕಾಯಬೇಕು. ತುರ್ತಿಗೆ ಆರೋಗ್ಯ ರಕ್ಷಾ ಸಮಿತಿಯ ಸಣ್ಣ ಮೊತ್ತದಲ್ಲಿ ಹೊರಗೆ ಕೊಳ್ಳಬಹುದು, ಅದಕ್ಕೂ ಠರಾವು, ಕೊಟೇಶನ್. ಮಾರನೇ ದಿನ ಕೆಡಿಪಿ ಸಭೆ, ಅಂದರೆ ತಾಲೂಕಿನ ಎಲ್ಲ ಇಲಾಖೆಗಳ ಪ್ರಗತಿ ಪರಿಶೀಲನೆ. ಶಾಸಕರು ಎಲ್ಲರ ಎದುರು ಕೇಳುತ್ತಾರೆ: "ಏನ್ರೀ ಡಾಕ್ಟ್ರೇ, ನಮ್ಮೂರ ಆಸ್ಪತ್ರೇಲಿ ಡಾಕ್ಟ್ರೇ ಇರಲ್ವಂತೆ?" ಆ ಹುದ್ದೆ ಖಾಲಿ ಇರುವುದು ಅವರಿಗೂ ಗೊತ್ತು. ಉತ್ತರ ಕೊಡಬೇಕಾದವರು ನೀವು.

ಇದನ್ನು ಹೆದರಿಸುವುದಕ್ಕೆ ಬರೆದಿಲ್ಲ. ಅಧಿಕಾರವೇ ಇಲ್ಲದ ಕಡೆ ಕೆಲಸ ಮಾಡಿಸುವುದು ಈ ಕುರ್ಚಿಯ ನಿಜವಾದ ವಿದ್ಯೆ. ಪಿಡಿಒ, ಅಂಗನವಾಡಿ ಮೇಲ್ವಿಚಾರಕಿ, ತಹಶೀಲ್ದಾರ್ ಎಲ್ಲರ ಜೊತೆ ಮಾತು ಚೆನ್ನಾಗಿರುವ ಟಿಎಚ್‌ಒ ಇದ್ದ ತಾಲೂಕು, ಇಲ್ಲದ ತಾಲೂಕು, ಎರಡಕ್ಕೂ ಇರುವ ವ್ಯತ್ಯಾಸ ಲಸಿಕೆ ರಿಜಿಸ್ಟರಿನಲ್ಲಿ ಕಾಣುತ್ತದೆ. ಇದೊಂದು ಕಲೆ ಇದ್ದವರಿಗೆ ಬೇರೆಲ್ಲೂ ಸಿಗದ ತೃಪ್ತಿ ಇಲ್ಲಿದೆ.

ಆದರೆ ಕ್ಲಿನಿಕ್ ನಡೆಸಿ ನಲವತ್ತು ಮುಟ್ಟಿದವರಿಗೆ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ಕಾಯಂ ನೇಮಕಾತಿಗೆ ವಯಸ್ಸಿನ ಮಿತಿ ಇದೆ. ಒಳಗೆ ಹೋದರೂ ಮೇಲಿನ ಕುರ್ಚಿ ಬರುವುದು ಸೇವಾ ಹಿರಿತನದಿಂದ. ಗುತ್ತಿಗೆಯಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಹುದ್ದೆ, ಪಟ್ಟಣದಲ್ಲಿದ್ದರೆ ಸರ್ಕಾರದ 'ನಮ್ಮ ಕ್ಲಿನಿಕ್', ಇವು ಇವೆ. ವ್ಯವಸ್ಥೆ ಒಳಗಿನಿಂದ ಹೇಗಿದೆ ಅಂತ ನೋಡಲು ಅಡ್ಡಿಯಿಲ್ಲ, ಆದರೆ ಅಲ್ಲಿಂದ ಡಿಎಚ್‌ಒ ಕುರ್ಚಿಗೆ ಮೆಟ್ಟಿಲಿಲ್ಲ. ಮೂವತ್ತರ ಒಳಗಿನವರು, ಅದರಲ್ಲೂ ಕಡ್ಡಾಯ ಗ್ರಾಮೀಣ ಸೇವೆಯಲ್ಲಿ ಈಗಾಗಲೇ ಪಿಎಚ್‌ಸಿಯಲ್ಲಿ ಇರುವವರು ಇದನ್ನು ಗಂಭೀರವಾಗಿ ನೋಡಬೇಕು. ಸೇವೆಯಲ್ಲಿದ್ದವರಿಗೆ ಪಿಜಿ (ಸ್ನಾತಕೋತ್ತರ) ಸೀಟಿನ ಕೋಟಾ ಅನ್ನುವುದೂ ಒಂದಿದೆ, ಅದು ಸಣ್ಣ ವಿಷಯ ಅಲ್ಲ.

ಮೂರು: ದೊಡ್ಡ ಆಸ್ಪತ್ರೆಯ ಆಡಳಿತ

ಜಿಲ್ಲಾ ಕೇಂದ್ರದ ನೂರು-ಇನ್ನೂರು ಬೆಡ್ಡಿನ ಟ್ರಸ್ಟ್ ಆಸ್ಪತ್ರೆ, ಇಲ್ಲವೇ ಕಾರ್ಪೊರೇಟ್ ಆಸ್ಪತ್ರೆಯ ಶಾಖೆ. ಹುದ್ದೆಯ ಹೆಸರು ಮೆಡಿಕಲ್ ಸೂಪರಿಂಟೆಂಡೆಂಟ್, ಡೆಪ್ಯುಟಿ ಎಂಎಸ್, ಕ್ವಾಲಿಟಿ ಹೆಡ್, ಹೀಗೆ. ತಿಂಗಳ ಸಂಬಳ ಬರುತ್ತದೆ, ಸಾಲ ಇಲ್ಲ, ಭಾನುವಾರ ಅನ್ನುವುದೊಂದು ಇರುತ್ತದೆ.

ಇಲ್ಲಿ ನಿಮಗೆ ಸಿಗುವ ಸಮಸ್ಯೆ ಎಂಥದ್ದು ಅಂತ ತಿಳಿಯಬೇಕಾದರೆ ಒಂದು ಡಿಸ್ಚಾರ್ಜ್ ನೋಡಿ. ಬೆಳಿಗ್ಗೆ ಒಂಬತ್ತೂವರೆಗೆ ಫಿಸಿಷಿಯನ್ ರೌಂಡ್ಸ್‌ನಲ್ಲಿ "ಅಜ್ಜಿ, ಇವತ್ತು ಮನೆಗೆ ಹೋಗಬಹುದು" ಅನ್ನುತ್ತಾರೆ. ಮಗ ಆಗಲೇ ಫ್ಲಾಸ್ಕು, ಚಾಪೆ ಕಟ್ಟುತ್ತಾನೆ, ಊರಿಂದ ಓಮ್ನಿ ಬರಹೇಳುತ್ತಾನೆ. ಡ್ಯೂಟಿ ಡಾಕ್ಟರ್ ಐಸಿಯುನಲ್ಲಿ ಸಿಕ್ಕಿಬಿದ್ದಿದ್ದಾರೆ, ಸಮ್ಮರಿ ಬರೆಯಲು ಕೂರುವುದು ಹನ್ನೆರಡಕ್ಕೆ. ಮಿಕ್ಕ ಇಂಜೆಕ್ಷನ್ ಫಾರ್ಮಸಿಗೆ ವಾಪಸ್ ಹೋಗಬೇಕು. ಅದು ಹೋಗಿ ಎಂಟ್ರಿ ಆಗುವವರೆಗೆ ಬಿಲ್ ಮುಚ್ಚುವ ಹಾಗಿಲ್ಲ. ಇನ್ಶೂರೆನ್ಸ್ ಆದರೆ ಫೈಲು ಟಿಪಿಎಗೆ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮು ನೋಡುವವರು) ಹೋಗುತ್ತದೆ, ಅವರು ಒಂದು ಕ್ವೆರಿ ಹಾಕುತ್ತಾರೆ: ಬಿಪಿ ಎಷ್ಟು ವರ್ಷದಿಂದ ಇದೆ? ಉತ್ತರಕ್ಕೆ ಸಹಿ ಹಾಕಬೇಕಾದ ಡಾಕ್ಟರ್ ಊಟಕ್ಕೆ ಹೋಗಿದ್ದಾರೆ. ಐದು ಗಂಟೆಗೆ ಅಜ್ಜಿ ಓಮ್ನಿ ಹತ್ತುತ್ತಾರೆ. ಅಷ್ಟು ಹೊತ್ತೂ ಆ ಬೆಡ್‌ಗಾಗಿ ಕ್ಯಾಶುಯಾಲ್ಟಿಯಲ್ಲಿ ಇನ್ನೊಬ್ಬರು ಟ್ರಾಲಿ ಮೇಲೆ ಮಲಗಿದ್ದಾರೆ.

ಇಲ್ಲಿ ಸೋಮಾರಿಗಳು ಯಾರೂ ಇಲ್ಲ. ಪ್ರತಿಯೊಬ್ಬರೂ ತಮ್ಮ ಕೆಲಸ ಮಾಡಿದ್ದಾರೆ. ಸರಿಮಾಡುವುದು ಹೇಗೆ? ನಾಳೆ ಯಾರು ಹೋಗಬಹುದು ಅಂತ ಹಿಂದಿನ ಸಂಜೆಯೇ ಪಟ್ಟಿ. ಆ ಪಟ್ಟಿಯವರ ಸಮ್ಮರಿ ರಾತ್ರಿ ಪಾಳಿಯಲ್ಲೇ ಅರ್ಧ ತಯಾರು. ಫಾರ್ಮಸಿ ರಿಟರ್ನ್ ಬೆಳಿಗ್ಗೆ ಏಳಕ್ಕೆ, ಸಿಸ್ಟರ್‌ಗಳು ಪಾಳಿ ಬದಲಾಗುವ ಮೊದಲು. ಹೇಳಲು ಮೂರು ಸಾಲು. ಮಾಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಯಾಕೆಂದರೆ ರಾತ್ರಿ ಪಾಳಿಯ ಡಾಕ್ಟರಿಗೆ "ಇದು ನನ್ನ ಕೆಲಸ ಅಲ್ವಲ್ಲ" ಅನ್ನಿಸುತ್ತದೆ.

ಮೇಲಿನ ಎರಡು ಪ್ಯಾರಾ ಓದುವಾಗ ನಿಮ್ಮ ತಲೆ ಓಡಿತಾ, ಇಲ್ಲಾ ಆಕಳಿಕೆ ಬಂತಾ? ತಲೆ ಓಡಿದ್ದರೆ, "ಟಿಪಿಎ ಕ್ವೆರಿಯನ್ನೂ ಹಿಂದಿನ ದಿನವೇ ಮುಗಿಸಬಹುದಿತ್ತಲ್ಲ" ಅಂತ ಅನ್ನಿಸಿದ್ದರೆ, ಈ ಕೆಲಸ ನಿಮಗೆ ಒಗ್ಗುತ್ತದೆ. ಆಕಳಿಕೆ ಬಂದಿದ್ದರೆ ಎಂಬಿಎ ಮಾಡಿದರೂ ಒಗ್ಗುವುದಿಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಫೈಲುಗಳದ್ದು ಇನ್ನೊಂದು ಲೋಕ. ಸರ್ಕಾರ ಚಿಕಿತ್ಸೆಯ ಖರ್ಚು ಭರಿಸುವ ಈ ಯೋಜನೆ 2018ರಿಂದ ಇದೆ. ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಈಗ ಅಡ್ಮಿಷನ್ನಿನ ಒಳ್ಳೆಯ ಪಾಲು ಇದರಿಂದಲೇ ಬರುತ್ತದೆ. ರೆಫರಲ್ ಚೀಟಿ, ಪೂರ್ವಾನುಮತಿ, ಫೋಟೋ, ಪ್ಯಾಕೇಜ್ ಕೋಡ್, ಯಾವುದು ತಪ್ಪಿದರೂ ದುಡ್ಡು ಬರುವುದಿಲ್ಲ. ಫ್ಯಾಮಿಲಿ ಡಾಕ್ಟರ್ ಆಗಿದ್ದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಪಿಎಚ್‌ಸಿ ರೆಫರಲ್ ಯಾಕೆ ತಪ್ಪುತ್ತದೆ, ಹಳ್ಳಿಯವರು ಯಾವ ಕಾರ್ಡು ಮನೆಯಲ್ಲಿ ಬಿಟ್ಟು ಬರುತ್ತಾರೆ ಅಂತ ನಿಮಗೆ ಗೊತ್ತು. ಬೆಂಗಳೂರಿನಿಂದ ನೇರವಾಗಿ ಬಂದ ಮ್ಯಾನೇಜರಿಗೆ ಗೊತ್ತಿಲ್ಲ.

ಕಷ್ಟಗಳೂ ಇವೆ. ತಜ್ಞರು ನಿಮ್ಮ ಮಾತು ಸುಲಭಕ್ಕೆ ಕೇಳುವುದಿಲ್ಲ. "ಬರೀ ಎಂಬಿಬಿಎಸ್" ಅನ್ನುವ ಮಾತು ಎದುರಿಗೆ ಬರದಿದ್ದರೂ ಕ್ಯಾಂಟೀನಿನಲ್ಲಿ ಬರುತ್ತದೆ. ಕಾರ್ಪೊರೇಟಿನಲ್ಲಾದರೆ ತಿಂಗಳ ಮೊದಲ ವಾರ ಬೆಡ್ ಎಷ್ಟು ತುಂಬಿತ್ತು, ಒಂದು ಬೆಡ್‌ಗೆ ಎಷ್ಟು ಆದಾಯ ಅಂತ ಕೇಳುತ್ತಾರೆ. ಬೇಡದ ಟೆಸ್ಟ್ ಬರೆಯಬೇಡಿ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದವರಿಗೆ ಆ ಮೀಟಿಂಗಿನಲ್ಲಿ ಕೂರುವುದು ಕಷ್ಟ. ಟ್ರಸ್ಟ್ ಆಸ್ಪತ್ರೆಗಳಲ್ಲಿ ಈ ಒತ್ತಡ ಕಡಿಮೆ, ಸಂಬಳವೂ ಕಡಿಮೆ. ಎರಡರಲ್ಲಿ ಆರಿಸಬೇಕಾದರೆ ನಾನು ಟ್ರಸ್ಟ್ ಆಸ್ಪತ್ರೆ ಅನ್ನುತ್ತೇನೆ. ಒಂದೇ ಷರತ್ತು: ಟ್ರಸ್ಟಿಗಳ ಮನೆಯವರು ಆಡಳಿತದಲ್ಲಿ ಎಷ್ಟು ಕೈ ಹಾಕುತ್ತಾರೆ ಅಂತ ಹಳೆಯ ಸಿಸ್ಟರ್ ಒಬ್ಬರನ್ನು ಕೇಳಿ ತಿಳಿದುಕೊಂಡೇ ಹೋಗಿ.

ನಾಲ್ಕು: ಸ್ವಯಂಸೇವಾ ಸಂಸ್ಥೆ, ಸಾರ್ವಜನಿಕ ಆರೋಗ್ಯ

ಕರ್ನಾಟಕದಲ್ಲಿ ಈ ದಾರಿಗೆ ದೊಡ್ಡ ಪರಂಪರೆಯೇ ಇದೆ. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಶುರುಮಾಡಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1986ರಲ್ಲಿ ಕರುಣಾ ಟ್ರಸ್ಟ್, ಯಳಂದೂರು ತಾಲೂಕಿನಲ್ಲಿ ಕುಷ್ಠರೋಗದ ಕೆಲಸಕ್ಕೆ. ಹತ್ತು ವರ್ಷದ ನಂತರ ಗುಂಬಳ್ಳಿಯ ಸರ್ಕಾರಿ ಪಿಎಚ್‌ಸಿಯನ್ನೇ ಟ್ರಸ್ಟ್ ನಡೆಸಲು ತೆಗೆದುಕೊಂಡಿತು. 1999ರಲ್ಲಿ ಸರ್ಕಾರ ಆರೋಗ್ಯ ಕಾರ್ಯಪಡೆ ಮಾಡಿದಾಗ ಅಧ್ಯಕ್ಷತೆ ಅವರಿಗೇ ಬಂತು. ಒಂದು ಬೆಟ್ಟ, ಒಂದು ತಾಲೂಕು, ಒಂದು ಪಿಎಚ್‌ಸಿ, ಆಮೇಲೆ ರಾಜ್ಯ. ರಾಜ್ಯದ ವರದಿ ಬರೆಯುವ ಹೊತ್ತಿಗೆ ಪಿಎಚ್‌ಸಿಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅನ್ನುವುದೂ ಗೊತ್ತಿತ್ತು ಅವರಿಗೆ.

ಹೆಗ್ಗಡದೇವನಕೋಟೆ ಕಡೆ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ, ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುವಾಗಲೇ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರುಮಾಡಿದರು. ಕೆಂಚನಹಳ್ಳಿ, ಸರಗೂರಿನ ಆಸ್ಪತ್ರೆಗಳು ಅಲ್ಲಿಂದ ಬಂದವು. ಬಾಲಸುಬ್ರಹ್ಮಣ್ಯಂ ಹಾರ್ವರ್ಡ್ ಕೆನಡಿ ಸ್ಕೂಲಿಗೆ ಓದಲು ಹೋಗಿದ್ದು ಎಷ್ಟೋ ವರ್ಷ ಕಾಡಿನಂಚಿನಲ್ಲಿ ಕೆಲಸ ಮಾಡಿದ ಮೇಲೆ. ಓದು ಕೊನೆಗೆ ಅಂತ ನಾನು ಮೊದಲೇ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈ ದಾರಿಯಲ್ಲಿ ಕಲಿಯುವುದು ಜಾಸ್ತಿ, ದುಡ್ಡು ಕಡಿಮೆ. ಪ್ರಾಜೆಕ್ಟ್ ಮುಗಿದರೆ ಸಂಬಳವೂ ಮುಗಿಯಬಹುದು. ಮಕ್ಕಳು ಹೈಸ್ಕೂಲಿನಲ್ಲಿದ್ದರೆ ಮನೆಯಲ್ಲಿ ಕೂತು ಮಾತಾಡಿಯೇ ತೀರ್ಮಾನಿಸಿ. ವರದಿ ಬರೆಯುವ ಬೇಸರವೂ ಇದೆ: ದಾನ ಕೊಟ್ಟವರಿಗೆ ಪ್ರತಿ ಮೂರು ತಿಂಗಳಿಗೊಂದು. ಆದರೆ ಶುಗರ್ ಪೇಷಂಟಿನ ಕಾಲಿನ ಹುಣ್ಣಿನಿಂದ ಈ ಯೋಚನೆ ಶುರುವಾಗಿದ್ದರೆ, ಆ ಹುಣ್ಣಿಗೆ ಅತಿ ಹತ್ತಿರದ ಕುರ್ಚಿ ಇದೇ.

ಡಾಕ್ಟರುಗಳ ಸಂಘವಾದ ಐಎಂಎ ಶಾಖೆಯ ಪದಾಧಿಕಾರಿ ಆಗುವುದು, ಕರ್ನಾಟಕ ವೈದ್ಯಕೀಯ ಪರಿಷತ್ತಿನ ಚುನಾವಣೆಗೆ ನಿಲ್ಲುವುದು ಕೂಡ ನಾಯಕತ್ವವೇ. ಕ್ಲಿನಿಕ್ ಬಿಡದೆ ಮಾಡಬಹುದು. ಸಭೆ ನಡೆಸುವುದು, ಜಗಳ ಬಿಡಿಸುವುದು ಅಲ್ಲಿ ಚೆನ್ನಾಗಿ ಅಭ್ಯಾಸ ಆಗುತ್ತದೆ. ಅಷ್ಟಕ್ಕೆ ಸಾಕು.

ಓದಿನ ವಿಷಯ

ಎಂಎಚ್‌ಎ ಅಥವಾ ಆಸ್ಪತ್ರೆ ಆಡಳಿತದ ಎಂಬಿಎ: ಎರಡು ವರ್ಷ, ಹೆಚ್ಚಾಗಿ ಪೂರ್ಣಾವಧಿ. ಮೂರನೇ ದಾರಿಗೆ ಸರಿ. ಆದರೆ ಇದು ವೈದ್ಯಕೀಯ ಪಿಜಿ ಅಲ್ಲ. ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಸೂಪರಿಂಟೆಂಡೆಂಟ್ ಆಗುವ ಆಸೆ ಇದ್ದರೆ ಎಂಬಿಬಿಎಸ್ ಜೊತೆ ಎಂಬಿಎ ಸಾಲದು, ಎಂಡಿ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ ಬೇಕು. ದೆಹಲಿಯ ಏಮ್ಸ್‌ನಲ್ಲಿ ಆಸ್ಪತ್ರೆ ಆಡಳಿತದಲ್ಲೇ ಮೂರು ವರ್ಷದ ಎಂಡಿ ಇದೆ. ಪ್ರವೇಶ ಪರೀಕ್ಷೆಗೆ ಮತ್ತೆ ಬಯೋಕೆಮಿಸ್ಟ್ರಿ ಪುಸ್ತಕ ತೆಗೆಯಬೇಕು, ಅಷ್ಟೇ ಸಮಸ್ಯೆ.

ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ: ಎರಡು ವರ್ಷ. ನಾಲ್ಕನೇ ದಾರಿಗೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರದ ಕೋರ್ಸು ಹಳೆಯದು, ಹೆಸರಿದೆ. ಕ್ಲಿನಿಕ್ ಬಿಡಲಾಗದವರಿಗೆ ಇಗ್ನೋದ ಆಸ್ಪತ್ರೆ ಮತ್ತು ಆರೋಗ್ಯ ನಿರ್ವಹಣೆಯ ಪಿಜಿ ಡಿಪ್ಲೊಮಾ ಅಗ್ಗದ ಶುರುವಾತು. ಆಡಳಿತ ನನಗೆ ಇಷ್ಟವಾ ಅಂತ ಪರೀಕ್ಷಿಸಿಕೊಳ್ಳಲು ಅದು ಸಾಕು, ಅದನ್ನಷ್ಟೇ ತೋರಿಸಿ ದೊಡ್ಡ ಹುದ್ದೆ ಕೇಳಲು ಆಗುವುದಿಲ್ಲ.

ಜನ ಮರೆಯುವುದು ಫ್ಯಾಮಿಲಿ ಮೆಡಿಸಿನ್‌ನ ಡಿಎನ್‌ಬಿಯನ್ನು. ಮೂರು ವರ್ಷ, ನೀಟ್ ಪಿಜಿ ಮೂಲಕ. ಅದು ಪೂರ್ತಿ ವೈದ್ಯಕೀಯ ಪಿಜಿ. ನಿಮ್ಮ ಕ್ಲಿನಿಕ್ ಅನುಭವಕ್ಕೆ ನೇರವಾಗಿ ಹೊಂದುತ್ತದೆ, ಮುಂದೆ ಕಲಿಸುವ ಕೆಲಸಕ್ಕೂ ಆಡಳಿತಕ್ಕೂ ಬಾಗಿಲು ತೆರೆಯುತ್ತದೆ. ಮೂವತ್ತೈದರ ಒಳಗಿನವರಾದರೆ ಎಂಬಿಎಗಿಂತ ಮೊದಲು ಇದನ್ನು ನೋಡಿ ಅಂತಲೇ ನನ್ನ ಸಲಹೆ.

ಹಾಗಾದರೆ ಯಾರಿಗೆ ಯಾವುದು?

ಊರು ಬಿಡಲ್ಲ, ರೋಗಿಗಳನ್ನೂ ಬಿಡಲ್ಲ, ಸಾಲಕ್ಕೆ ಹೆದರಲ್ಲ ಅನ್ನುವವರಿಗೆ ನರ್ಸಿಂಗ್ ಹೋಮ್. ವಯಸ್ಸಿದೆ, ಸಿಟ್ಟು ಕಡಿಮೆ, ಮಾತು ಚೆನ್ನಾಗಿದೆ ಅಂದರೆ ಸರ್ಕಾರಿ ಸೇವೆ. ಮನೆಯ ಖರ್ಚು ಪ್ರತಿ ತಿಂಗಳು ನಿಕ್ಕಿಯಾಗಿ ನಡೆಯಬೇಕು, ಜೊತೆಗೆ ಸಣ್ಣ ಸಣ್ಣ ವ್ಯವಸ್ಥೆ ಸರಿಮಾಡುವ ಖಯಾಲಿ ಇದೆ ಅಂದರೆ ಆಸ್ಪತ್ರೆ ಆಡಳಿತ. ಗಂಡ ಅಥವಾ ಹೆಂಡತಿಗೆ ನಿಲ್ಲುವ ಸಂಪಾದನೆ ಇದ್ದರೆ, ಹಳ್ಳಿ ಓಡಾಟ ಇಷ್ಟವಿದ್ದರೆ ಸಂಸ್ಥೆ. ಎರಡರ ನಡುವೆ ತೂಗುತ್ತಿದ್ದರೆ ಯಾವುದರಿಂದ ವಾಪಸ್ ಬರುವುದು ಸುಲಭ ಅಂತ ನೋಡಿ. ಕಟ್ಟಡ ಕಟ್ಟಿದ ಮೇಲೆ ವಾಪಸ್ ಬರುವುದಿಲ್ಲ. ಕೆಲಸಕ್ಕೆ ಸೇರಿದ್ದರೆ ರಾಜೀನಾಮೆ ಕೊಟ್ಟು ಬರಬಹುದು.

ಯಾವುದೇ ಆದರೂ ದುಡ್ಡು ಹಾಕುವ ಮೊದಲು ಸುಮ್ನೆ ಒಂದು ರುಚಿ ನೋಡಿ. ಹತ್ತಿರದ ಟ್ರಸ್ಟ್ ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ಕ್ವಾಲಿಟಿ ಕಮಿಟಿಗೆ ಕೂರುತ್ತೇನೆ ಅಂದರೆ ಬೇಡ ಅನ್ನುವವರು ಕಡಿಮೆ. ಎನ್‌ಎಬಿಎಚ್ ಅನ್ನುವ ಗುಣಮಟ್ಟದ ಮಾನ್ಯತೆಗೆ ತಯಾರಾಗುತ್ತಿರುವ ಸಣ್ಣ ಆಸ್ಪತ್ರೆಗಳಿಗೆ ಫೈಲ್ ಓದಿ ಹೇಳುವ ಡಾಕ್ಟರ್ ಬೇಕೇ ಬೇಕು. ನಿಮ್ಮೂರ ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿ ಸಭೆಗೆ ಹೋಗಿ ಕೂತರೂ ಆಗುತ್ತದೆ. ಒಂದು ಮಳೆಗಾಲ ಇದನ್ನು ಮಾಡಿದರೆ ಇಷ್ಟವಾ ಕಷ್ಟವಾ ಅಂತ ಗೊತ್ತಾಗುತ್ತದೆ.

ಇನ್ನು ಕ್ಲಿನಿಕ್ ಏನು ಮಾಡುವುದು? ಕೆಪಿಎಂಇ ನೋಂದಣಿಗೆ ಐದು ವರ್ಷದ ಅವಧಿ ಇರುತ್ತದೆ, ಅದನ್ನು ಅವಸರದಲ್ಲಿ ವಾಪಸ್ ಕೊಡಬೇಡಿ. ಹೊಸ ಕೆಲಸದ ನೇಮಕಾತಿ ಪತ್ರದಲ್ಲಿ ಖಾಸಗಿ ಪ್ರಾಕ್ಟೀಸ್ ಬಗ್ಗೆ ಏನಿದೆ ಅಂತ ಸಹಿಗೆ ಮುಂಚೆ ಓದಿ. ಭಾನುವಾರದ ಓಪಿಗೆ ಅನುಮತಿ ಬೇಕಿದ್ದರೆ ಕೇಳುವ ಸಮಯ ಅದೇ, ಸೇರಿದ ಮೇಲೆ ಕೇಳಿದರೆ ಸಿಗುವುದಿಲ್ಲ. ಪೂರ್ತಿ ಬಿಡುವುದಾದರೆ ಶುಗರ್, ಬಿಪಿ, ಥೈರಾಯ್ಡ್, ಫಿಟ್ಸ್ ಮಾತ್ರೆಯವರ ಪಟ್ಟಿ ಮಾಡಿ, ಪ್ರತಿಯೊಬ್ಬರಿಗೂ ಈಗಿನ ಮಾತ್ರೆ, ಡೋಸು, ಹಿಂದೆ ಯಾವುದು ಒಗ್ಗಲಿಲ್ಲ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡಿ. ಹೊಸ ಡಾಕ್ಟರ್ ಯಾರು ಅಂತ ನೀವೇ ಹೇಳಿ. ಇಲ್ಲದಿದ್ದರೆ ಅದನ್ನು ಎದುರಿನ ಮೆಡಿಕಲ್ಸ್‌ನವರು ಹೇಳುತ್ತಾರೆ.